ಖಾಲಿ ಬಡಿತ

ಒಂದು ನೇಕಾರರ ಊರಿನಲ್ಲಿ ಪಂಪಾಪತಿ ಎಂಬ ಸಾವಕಾರರಿದ್ದರು. ಅವರ ಮನೆಯ ಹಿಂದೆ ಉದ್ದನೆಯ ಒಂದು ಮಗ್ಗದ ಮನೆ. ಒಳಗೆ ಸಾಲಾಗಿ ಕುಣಿ ಮಗ್ಗಗಳು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂರಬೇಕು. ಎದುರಿಗೆ ಉದ್ದಕ್ಕೆ ಹಾಸಿನ ನೂಲು ಹರಡಿರುತ್ತದೆ. ಲಾಳಿ ಒಮ್ಮೆ ಓಡಿದರೆ ಅಡ್ಡಕ್ಕೆ ಒಂದು ಎಳೆ ಸೇರಿತು. ಹಣಿಗೆಯನ್ನು ಎಳೆದು ಒಮ್ಮೆ ಬಡಿದರೆ ಆ ಎಳೆ ತನ್ನ ಜಾಗದಲ್ಲಿ ಕೂತಿತು. ಸೀರೆಯಾಗುವುದು ಹೀಗೆ, ಒಂದೊಂದೇ ಎಳೆಯಾಗಿ.

ಪಂಪಾಪತಿಯವರು ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಇಂಥ ಕಥೆಗಳಲ್ಲಿ ಸಾವಕಾರ ಎಂಬ ಮಾತು ಬಂದ ಕೂಡಲೇ ಓದುವವರು ಹಲ್ಲು ಕಡಿಯಲು ಶುರು ಮಾಡುತ್ತಾರೆ. ಅವರು ಕೂಲಿಯನ್ನು ಹೊತ್ತಿಗೆ ಸರಿಯಾಗಿ ಕೊಡುತ್ತಿದ್ದರು. ಯಾರ ಮನೆಯಲ್ಲಿ ಕಾಯಿಲೆಯಾದರೂ ಮೊದಲು ಹೋಗಿ ಮಾತಾಡಿಸಿ ಬರುತ್ತಿದ್ದರು. ಅವರು ಸ್ವತಃ ಒಳ್ಳೆಯ ನೇಕಾರ. ಹಿಂದೆ ಎಲ್ಲರ ಜೊತೆ ತಾವೂ ಒಂದು ಮಗ್ಗದಲ್ಲಿ ಕೂರುತ್ತಿದ್ದರು. ವ್ಯಾಪಾರ ಬೆಳೆಯಿತು, ಕುಣಿಯಿಂದ ಎದ್ದರು. ಅವರ ಮಗ್ಗ ಮೂಲೆಯಲ್ಲಿ ಬಟ್ಟೆ ಹೊದ್ದುಕೊಂಡು ನಿಂತಿತ್ತು.

ಎದ್ದವರು ಸುಮ್ಮನೆ ಕೂರಲಿಲ್ಲ. ಬೆಳಿಗ್ಗೆ ಸ್ನಾನ, ಪೂಜೆ, ನಾಷ್ಟಾ ಎಲ್ಲ ಮುಗಿದ ಮೇಲೆ ಬಂದು ಮಗ್ಗದ ಮನೆಯ ಬಾಗಿಲು ತೆಗೆಯುತ್ತಿದ್ದರು. ಅಲ್ಲಿಂದ ಸಂಜೆಯವರೆಗೆ ಮಗ್ಗಗಳ ನಡುವೆ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ನಡೆಯುತ್ತಿದ್ದರು. ಒಬ್ಬೊಬ್ಬರ ಬೆನ್ನ ಹಿಂದೆ ಒಂದಷ್ಟು ಹೊತ್ತು ನಿಲ್ಲುವುದು, ಮುಂದಕ್ಕೆ ಹೋಗುವುದು. ಸೊಂಟದಲ್ಲಿ ಕೀಲಿಕೈ ಗೊಂಚಲು ಇರುತ್ತಿತ್ತು. ಹೆಜ್ಜೆಗೊಮ್ಮೆ ಅದು ಗಿಲ್ ಗಿಲ್ ಎನ್ನುತ್ತಿತ್ತು.

ಕಿವಿಗೆ ಸಪ್ಪಳ ಬಿದ್ದರೆ ಕೆಲಸ ನಡೆಯುತ್ತಿದೆ, ಸಪ್ಪಳ ನಿಂತರೆ ಕೆಲಸ ನಿಂತಿದೆ. ಇದು ಪಂಪಾಪತಿಯವರ ಗಟ್ಟಿ ನಂಬಿಕೆ.

ಅವರ ನಂಬಿಕೆ ನೇಕಾರರಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಗಿಲ್ ಗಿಲ್ ಹತ್ತಿರ ಬಂದ ಕೂಡಲೇ ಎಲ್ಲರ ಕೈ ಹಣಿಗೆಗೆ ಹೋಗುತ್ತಿತ್ತು. ಹರಿದ ಎಳೆಗೆ ಗಂಟು ಹಾಕುತ್ತಿದ್ದವನು ಅದನ್ನು ಅಲ್ಲಿಗೇ ಬಿಟ್ಟು ಹಣಿಗೆ ಎಳೆಯುತ್ತಿದ್ದ. ಬೆವರು ಒರೆಸುತ್ತಿದ್ದವಳು ಸೆರಗು ಬಿಟ್ಟು ಹಣಿಗೆ ಎಳೆಯುತ್ತಿದ್ದಳು. ಲಾಳಿ ಓಡುತ್ತಿರಲಿಲ್ಲ, ಹೊಸ ಎಳೆ ಸೇರುತ್ತಿರಲಿಲ್ಲ. ನೇಯ್ದದ್ದರ ಮೇಲೆಯೇ ಮತ್ತೆ ಢಬ್ ಢಬ್. ಆ ಮನೆಯಲ್ಲಿ ಇದಕ್ಕೆ ಖಾಲಿ ಬಡಿತ ಎಂದೇ ಹೆಸರು. ಮುದಕಪ್ಪ ಎಂಬ ಹಿರಿಯ ನೇಕಾರರಂತೂ ಇದರಲ್ಲಿ ಪಳಗಿದ ಕೈ. ಬಾಯಿ ತುಂಬ ಎಲೆ ಅಡಿಕೆ ಇಟ್ಟುಕೊಂಡು, ಕಣ್ಣು ಅರ್ಧ ಮುಚ್ಚಿಕೊಂಡು, ಮೈ ಮುರಿದು ದುಡಿಯುವವರ ಹಾಗೆ ಬಡಿಯುತ್ತಿದ್ದರು.

ಇವರು ಯಾರೂ ಮೈಗಳ್ಳರಲ್ಲ. ಎಳೆಗೆ ಗಂಟು ಹಾಕುವುದೂ ಕೆಲಸವೇ. ಸೀರೆಯಂಚಿನ ದಡಿಯ ಬಣ್ಣ ಸರಿಯಾಗಿ ಬಂದಿದೆಯೇ ಎಂದು ಕೈ ಕಟ್ಟಿ ನೋಡುವುದೂ ಕೆಲಸವೇ. ಆದರೆ ಆ ಕೆಲಸಕ್ಕೆ ಸಪ್ಪಳವಿಲ್ಲ, ಏನು ಮಾಡುವುದು?

ನಗಬೇಡಿ. ಆಫೀಸಿನ ಲ್ಯಾಪ್‌ಟಾಪಿನಲ್ಲಿ ತಮ್ಮ ಹೆಸರಿನ ಪಕ್ಕದ ಹಸಿರು ಚುಕ್ಕೆ ಆರಬಾರದೆಂದು ಆಗಾಗ ಮೌಸ್ ಅಲ್ಲಾಡಿಸುವ ಮಕ್ಕಳನ್ನು ನಾನು ಕಂಡಿದ್ದೇನೆ. ಪಾಪ, ಅವರು ಗಾಢವಾಗಿ ಯೋಚನೆ ಮಾಡುತ್ತಿರುತ್ತಾರೆ. ಯೋಚನೆಗೆ ಹಸಿರು ಚುಕ್ಕೆ ಹತ್ತುವುದಿಲ್ಲವಲ್ಲ.

ಇರಲಿ, ಕಥೆಗೆ ಬರೋಣ. ಪಂಪಾಪತಿಯವರ ಸೀರೆಗಳಿಗೆ ಕೆಲವು ವರ್ಷಗಳಿಂದ ಒಂದು ರೋಗ ಅಂಟಿತ್ತು. ಸೀರೆಯನ್ನು ಬೆಳಕಿಗೆ ಹಿಡಿದರೆ ಅಲ್ಲಲ್ಲಿ ಅಡ್ಡಕ್ಕೆ ಕಪ್ಪು ಗೀರುಗಳು ಕಾಣುತ್ತಿದ್ದವು. ಪೇಟೆಯ ಅಂಗಡಿಯವರು ಅಂಥ ಸೀರೆಗಳನ್ನು ಹಿಂದಕ್ಕೆ ಕಳಿಸತೊಡಗಿದರು. ಸಾವಕಾರರು ನೂಲು ಕೊಡುವವನನ್ನು ಬೈದರು. ಬಣ್ಣ ಹಾಕುವವನನ್ನು ಬೈದರು. ಗೀರು ಹೋಗಲಿಲ್ಲ. ಕೊನೆಗೆ, "ಈ ಹುಡುಗರ ಲಕ್ಷ್ಯ ಎಲ್ಲಾ ಮೊಬೈಲಿನ್ಯಾಗ ಐತಿ, ಕೆಲಸದಾಗ ಇಲ್ಲ" ಎಂದು ತೀರ್ಮಾನ ಮಾಡಿದರು. ಅಂದಿನಿಂದ ಇನ್ನೂ ಹೆಚ್ಚು ನಡೆದರು, ಇನ್ನೂ ಹೆಚ್ಚು ಹೊತ್ತು ಬೆನ್ನ ಹಿಂದೆ ನಿಂತರು. ಗೀರುಗಳು ಕಡಿಮೆಯಾಗುವ ಬದಲು ಹೆಚ್ಚಾದವು.

ಆ ಮನೆಯಲ್ಲಿ ಬನಶಂಕರಿ ಎಂಬ ಹುಡುಗಿ ನೇಯುತ್ತಿದ್ದಳು. ಎಲ್ಲರೂ ಬನವ್ವ ಎನ್ನುತ್ತಿದ್ದರು. ಅವಳ ಜೊತೆಗೆ ಶಾಲೆ ಕಲಿತವರೆಲ್ಲ ಬಸ್ಸು ಹತ್ತಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದರು. "ಇನ್ನೂ ಕುಣ್ಯಾಗ ಕೂತು ಏನ್ ಮಾಡ್ತಿ, ನಮ್ಮ ಜೋಡಿ ಬಾ" ಎಂದು ಅವರು ಕರೆದಿದ್ದೂ ಉಂಟು. ಇವಳು ಹೋಗಲಿಲ್ಲ. ಮಗ್ಗವೆಂದರೆ ಅವಳಿಗೆ ಅಷ್ಟು ಆಸೆ. ನೇಯ್ಗೆ ಕಲಿಯುವ ಮಕ್ಕಳೇ ಸಿಗದ ಈ ಕಾಲದಲ್ಲಿ, ಒಂದು ದಡಿಯ ಹೂವು ಸರಿಯಾಗಿ ಅರಳಲಿಲ್ಲವೆಂದು ನೇಯ್ದದ್ದನ್ನು ಬಿಚ್ಚಿ ಮತ್ತೆ ನೇಯುವ ಹುಡುಗಿ ಅವಳು. ನನಗೆ ಇಂಥವರನ್ನು ಕಂಡರೆ ಕೈ ಮುಗಿಯಬೇಕು ಅನಿಸುತ್ತದೆ.

ಒಂದು ದಿನ ಬನವ್ವ ಸಾವಕಾರರ ಮುಂದೆ ಬಂದು ನಿಂತಳು.

"ಸಾವಕಾರ್ರ, ನನ್ನ ಮಗ್ಗ ಮನೀಗೆ ಒಯ್ಯಾಕ ಕೊಡ್ರಿ. ಪಡಸಾಲ್ಯಾಗ ಕುಣಿ ತೋಡಿಸ್ಕೋತೀನಿ. ಅಲ್ಲೇ ಕೂತು ನೇಯ್ತೀನಿ."

ಸಾವಕಾರರ ಹುಬ್ಬು ಮೇಲಕ್ಕೆ ಹೋಯಿತು. "ಯಾಕವಾ? ಇಲ್ಲೇನು ನಿನಗ ಮುಳ್ಳು ಹಾಸೇನೇನು?"

"ಹಂಗಲ್ರಿ. ನಸಕಿನ್ಯಾಗ ತಂಪು ಇರ್ತೈತಿ. ಆವಾಗ ರೇಷ್ಮಿ ಎಳಿ ಹೇಳಿದಂಗ ಕೇಳ್ತೈತಿ. ನೀವು ಬಂದು ಬಾಗಲಾ ತಗೀಬೇಕಂದ್ರ ಹೊತ್ತು ಏರಿರ್ತೈತಿ. ಮಧ್ಯಾಹ್ನದ ಬಿಸಿಲಿಗೆ ಎಳಿ ಒಣಗಿ ಪಟಪಟ ಹರೀತಾವು. ಹಾಳಾಗೂದು ಚಲೋ ಹೊತ್ತರಿ."

"ಮನ್ಯಾಗ ನೀ ನೇಯ್ತೀಯೋ, ಮಲಗ್ತೀಯೋ, ನನಗ ಹ್ಯಾಂಗ ತಿಳಿಬೇಕು?"

"ನನ್ನ ನೋಡಬ್ಯಾಡ್ರಿ. ಸೀರಿ ನೋಡ್ರಿ."

ಮಗ್ಗದ ಮನೆಯಲ್ಲಿ ಒಂದು ಕ್ಷಣ ಎಲ್ಲ ಲಾಳಿಗಳೂ ನಿಂತವು. ಸಾವಕಾರರಿಗೆ ಸಿಟ್ಟು ಬಂತು. ಆದರೆ ಅವಳ ಕೈ ಎಂಥದ್ದೆಂದು ಅವರಿಗೆ ಗೊತ್ತಿತ್ತು. ಬೇಡ ಎಂದರೆ ಇವಳೂ ಬಸ್ಸು ಹತ್ತಿಯಾಳು ಎಂಬ ಅಳುಕೂ ಇತ್ತು. ಅದಕ್ಕೇ ಒಂದು ಷರತ್ತು ಹಾಕಿದರು. ಬರುವ ಅಮಾವಾಸ್ಯೆಗೆ ಆ ಊರಿನಲ್ಲಿ ಎಲ್ಲ ಮಗ್ಗಗಳಿಗೂ ರಜೆ. ಅಂದು ಎಲ್ಲರೂ ನೇಯ್ದ ಸೀರೆಗಳನ್ನು ತಂದು ಒಪ್ಪಿಸುವುದು ಪದ್ಧತಿ.

"ಅವತ್ತು ಎಲ್ಲಾರ ಸೀರಿ ಜೋಡಿ ನಿನ್ನ ಸೀರೀನೂ ಬೆಳಕಿಗೆ ಹಿಡಿತೀನಿ. ಇಲ್ಲಿ ನೇಯ್ದಿದ್ದಕ್ಕಿಂತ ಒಂದು ಕೂದಲೆಳಿ ಕಡಿಮಿ ಆದರೂ ಮಗ್ಗ ವಾಪಸ್ ಬರ್ತೈತಿ. ಬಂದ ಮ್ಯಾಲ ಅದು ಬ್ಯಾರೇದವರಿಗೆ ಹೋಗ್ತೈತಿ. ನಿನಗಲ್ಲ. ಒಪ್ಪಿಗೀ ಐತೇನು?"

ಆ ಮಗ್ಗ ಹೋದರೆ ಬನವ್ವನಿಗೆ ಇನ್ನೊಂದು ಮಗ್ಗವಿಲ್ಲ. ಆಮೇಲೆ ಅವಳ ಪಾಲಿಗೆ ಉಳಿಯುವುದು ಆ ಬಸ್ಸು ಮಾತ್ರ. ಆದರೂ ಹೂಂ ಎಂದಳು.

ಅದನ್ನು ನೋಡಿ ಪ್ರಭುಲಿಂಗ ಎಂಬ ತರುಣ ನೇಕಾರನಿಗೂ ಧೈರ್ಯ ಬಂತು. "ನನಗೂ ಕೊಡ್ರಿ ಸಾವಕಾರ್ರ" ಎಂದ. ಅವನಿಗೂ ಅದೇ ಷರತ್ತು. ಮಗ್ಗದ ಕಟ್ಟಿಗೆಗಳನ್ನು ಬಿಚ್ಚಿ, ಗಾಡಿಯಲ್ಲಿ ಹೇರಿಕೊಂಡು ಇಬ್ಬರೂ ಹೋದರು. ಒಂದೇ ಗಂಟಿನಿಂದ ತೆಗೆದ ನೂಲನ್ನು ಸಾವಕಾರರು ಎಲ್ಲರಿಗೂ ತಮ್ಮ ಕೈಯಾರೆ ಹಂಚಿದರು. ನಾಳೆ ಯಾರೂ ನೂಲಿನ ನೆವ ಹೇಳಬಾರದು ನೋಡಿ.

ಪ್ರಭುಲಿಂಗ ವಾರ ತುಂಬುವುದರೊಳಗೆ ಗಾಡಿಯ ಸಮೇತ ವಾಪಸ್ ಬಂದ. ಮುಖ ಸಣ್ಣದಾಗಿತ್ತು.

"ಯಾಕೋ ಪ್ರಭು?" ಎಂದರು ಸಾವಕಾರರು.

"ಮನ್ಯಾಗ ಕೂತ್ರ ನಾ ಎಲ್ಲಾರಿಗೂ ಖಾಲಿ ಕಾಣ್ತೀನ್ರಿ. ಅವ್ವ ಹಿಟ್ಟಿನ ಗಿರಣಿಗೆ ಕಳಸ್ತಾಳು. ಬಾಜೂ ಮನಿ ಅಜ್ಜ ಸಿಲಿಂಡರ್ ಎತ್ತಿ ಒಳಗ ಇಡು ಬಾ ಅಂತಾನು. ನಮ್ಮ ಅಕ್ಕ ಕೂಸಿನ ತಂದು ತೊಡಿ ಮ್ಯಾಲೆ ಕೂಡಿಸಿ ಹೋಗ್ತಾಳು. ಕೂಸು ಲಾಳಿ ಕಚ್ಚಾಕ ನೋಡ್ತೈತಿ. ನನಗ ಇಲ್ಲೇ ಚಲೋ ರೀ."

ಮಗ್ಗದ ಮನೆಯೆಲ್ಲ ಗೊಳ್ಳೆಂದು ನಕ್ಕಿತು. ಸಾವಕಾರರೂ ನಕ್ಕರು. ಅವರ ನಗುವಿನಲ್ಲಿ ಗೆದ್ದ ಖುಷಿಯೂ ಇತ್ತು. "ನೋಡಿದ್ರೇನು? ಒಬ್ಬ ಬಂದ. ಇನ್ನೊಬ್ಬಾಕಿ ಬರೂದು ಬಾಕಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು.

ಮನೆಯಿಂದ ಕೆಲಸ ಮಾಡುವ ಹುಡುಗರಿಗೆ ಪ್ರಭುಲಿಂಗನ ಪಾಡು ಹೊಸದಲ್ಲ. ಮನೆಯಲ್ಲಿದ್ದಾನೆ ಎಂದರೆ ಬಿಡುವಾಗಿದ್ದಾನೆ ಎಂದೇ ನಮ್ಮವರ ಲೆಕ್ಕ. ಆದರೆ ಅವನನ್ನು ನಾನು ಮೆಚ್ಚುತ್ತೇನೆ. ಕೇಳಿ ಪಡೆದದ್ದು ತನಗೆ ಒಗ್ಗಲಿಲ್ಲವೆಂದು ಎಲ್ಲರ ಎದುರು ಹೇಳಲು ಅವನು ನಾಚಲಿಲ್ಲ. ನಮ್ಮಲ್ಲಿ ಎಷ್ಟೋ ಹಿರಿಯರಿಗೆ ಅಷ್ಟು ಧೈರ್ಯವಿಲ್ಲ.

ಆಮೇಲೆ ಒಂದು ಬೆಳಿಗ್ಗೆ ಬನವ್ವನೂ ಮಗ್ಗದ ಮನೆಯ ಬಾಗಿಲಲ್ಲಿ ಕಂಡಳು. ಸೋತು ಬಂದಳು ಎಂದುಕೊಂಡರು ಸಾವಕಾರರು. ಅದು ಹಾಗಿರಲಿಲ್ಲ. ಅವಳ ಕೈಯಲ್ಲಿ ಹಾಸಿನ ಸುರುಳಿ ಇತ್ತು.

ಆ ಊರಿನ ಸೀರೆಗೆ ಮೈಯ ನೂಲೇ ಬೇರೆ, ಸೆರಗಿನ ನೂಲೇ ಬೇರೆ. ಸೀರೆ ನೇಯಲು ಕೂರುವ ಮೊದಲು ಎರಡರ ಹಾಸನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಒಬ್ಬರು ಬಿಗಿಯಾಗಿ ಹಿಡಿಯಬೇಕು, ಒಬ್ಬರು ಎಳೆ ಬಿಡಿಸಿ ಕೊಡಬೇಕು, ಒಬ್ಬರು ಕೊಂಡಿ ಹಾಕಬೇಕು. ಇದು ಒಬ್ಬರೇ ಮಾಡುವ ಕೆಲಸವಲ್ಲ. ಅದಕ್ಕೇ ಅವಳು ಬಂದಿದ್ದಳು. ಪ್ರಭುಲಿಂಗ ಹಿಡಿದ. ಕೆಲಸಕ್ಕೆ ಹೊಸದಾಗಿ ಸೇರಿದ್ದ ಪವಿತ್ರಾ ಎಂಬ ಹುಡುಗಿ ಎಳೆ ಕೊಟ್ಟಳು. ತನ್ನದು ಮುಗಿದ ಮೇಲೆ ಬನವ್ವ ಎದ್ದು ಹೋಗಲಿಲ್ಲ. ಪವಿತ್ರಾಳ ಹಾಸು ಕೂಡಿಸಲು ಕೂತಳು. ಅವಳ ಬೆರಳು ಹಿಡಿದು, ಕೊಂಡಿ ಎಲ್ಲಿ ಸಡಿಲಾಗುತ್ತದೆ ಎಂದು ತೋರಿಸಿದಳು. ಇಬ್ಬರೂ ಏನೋ ನೆನಪಿಸಿಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೊತ್ತು ಇಳಿದ ಮೇಲೆ ಮನೆಗೆ ಹೋದಳು.

ಸಾವಕಾರರಿಗೆ ಇದು ಅರ್ಥವಾಗಲಿಲ್ಲ. ಇಲ್ಲಿ ಇಷ್ಟು ಖುಷಿಯಾಗಿ ಕೂರುವ ಹುಡುಗಿ ಮನೆಗೆ ಯಾಕೆ ಓಡಿದಳು?

ಈ ನಡುವೆ ಸಾವಕಾರರ ತಂಗಿಯ ಮಗಳ ಮದುವೆ ಬಂತು. ಬೇರೆ ಊರಿಗೆ ಹೋಗಲೇಬೇಕು. ಕೀಲಿಕೈ ಗೊಂಚಲನ್ನು ಒಲ್ಲದ ಮನಸ್ಸಿನಿಂದ ಮುದಕಪ್ಪನ ಕೈಗೆ ಕೊಟ್ಟರು. ಮದುವೆ ಮನೆಯಿಂದ ಒಮ್ಮೆ ಫೋನ್ ಮಾಡಿ, "ಫೋನ್ ಮಗ್ಗದ ಹತ್ತರ ಹಿಡಿ, ಸಪ್ಪಳ ಕೇಳ್ತೀನಿ" ಎಂದರು. ಅಲ್ಲಿ ವಾಲಗದವರು ಊದುತ್ತಿದ್ದ ಭರಕ್ಕೆ ಇಲ್ಲಿಯ ಸಪ್ಪಳ ಅವರಿಗೆ ಕೇಳಲಿಲ್ಲ. ಬೀಗರು ಊಟಕ್ಕೆ ಎಳೆದುಕೊಂಡು ಹೋದರು. ಹೋಳಿಗೆ ಬಾಯಲ್ಲಿದ್ದರೂ ಅವರ ಮನಸ್ಸು ಊರಿನ ಮಗ್ಗದ ಮನೆಯಲ್ಲೇ ಸುತ್ತುತ್ತಿತ್ತು.

ಮದುವೆಯಿಂದ ಬಂದ ಮರುದಿನ ಮಧ್ಯಾಹ್ನ ಅವರು ಬನವ್ವನ ಓಣಿಯಲ್ಲಿ ಹಾದು ಹೋದರು. ಬೇಕೆಂದೇ ಹಾದು ಹೋದರು ಅನ್ನಿ. ಓಣಿಯ ಆ ತುದಿಯಿಂದಲೇ ಕಿವಿಗೊಟ್ಟುಕೊಂಡು ಬಂದರು. ಮಗ್ಗದ ಸಪ್ಪಳವಿಲ್ಲ. ಹತ್ತಿರ ಬಂದರೆ ಬನವ್ವ ಬಾಗಿಲ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಾಳೆ. ಮಡಿಲಲ್ಲಿ ಚುರುಮುರಿ. ಕೈಯಲ್ಲಿ ಮೊಬೈಲು. ಅದರಲ್ಲಿ ಏನೋ ನೋಡಿ ನಗುತ್ತಿದ್ದಾಳೆ.

"ಚಲೋ ನಡದೈತೆಲ್ಲವಾ ಕೆಲಸ!" ಎಂದರು ಸಾವಕಾರರು.

ಬನವ್ವ ತಟ್ಟನೆ ಎದ್ದು ನಿಂತಳು. ಚುರುಮುರಿ ನೆಲದ ಪಾಲಾಯಿತು. "ಬರ್ರಿ ಸಾವಕಾರ್ರ, ಒಳಗ ಬರ್ರಿ. ನೀರು ತರ್ತೀನಿ."

"ನೀರು ಬ್ಯಾಡ. ನೀ ಹಾಡಹಗಲೇ ಮಗ್ಗ ಬಿಟ್ಟು ಕಟ್ಟಿ ಮ್ಯಾಲೆ ಕೂತಿದ್ದು ನೋಡಾಕ ಬಂದಿದ್ದೆ. ನೋಡಿದೆ."

"ನಸಕಿನಿಂದ ನೇಯ್ದೀನ್ರಿ. ಈ ಬಿಸಿಲಾಗ ಎಳಿ ತಡಿಯಾಂಗಿಲ್ಲ. ಸಂಜಿಗೆ ತಂಪಾದ ಮ್ಯಾಲೆ ಮತ್ತ ಕೂಡ್ತೀನಿ."

"ನೆವ ಹೇಳಾಕ ನಿಮ್ಮ ವಾರಗೀಯವರಿಗೆ ಯಾರೂ ಕಲಸಬೇಕಾಗಿಲ್ಲ. ಅಮಾಸಿಗೆ ಸೀರಿ ತಗೊಂಡು ಬಾ. ಹಂಗ ಗಾಡಿಗೂ ಹೇಳಿರು, ಮಗ್ಗ ಹೇರಾಕ ಬೇಕಾಗ್ತೈತಿ."

ಅವರು ಹೋದ ಮೇಲೆ ಬನವ್ವ ಒಳಗೆ ಬಂದು ಮಗ್ಗದ ಪಕ್ಕ ಕೂತಳು. ಅಳು ಬಂತು. ಬಿಸಿಲಲ್ಲೇ ನೇಯಲು ಶುರು ಮಾಡಿಬಿಡಲೇ, ಸಾವಕಾರರು ಮತ್ತೆ ಓಣಿಯಲ್ಲಿ ಬಂದರೆ ಸಪ್ಪಳವಾದರೂ ಕೇಳಲಿ ಎಂದು ಅನಿಸಿತು. ಕೈ ಹಣಿಗೆಯವರೆಗೆ ಹೋಯಿತು. ಅರ್ಧ ಮುಗಿದ ಸೀರೆಯನ್ನು ನೋಡಿದಳು. ಅಲ್ಲಿಯವರೆಗೆ ನೇಯ್ದದ್ದು ನೀರು ಸವರಿದಂತೆ ಸಮವಾಗಿತ್ತು. ಅದನ್ನು ಕೆಡಿಸಲು ಅವಳಿಗೆ ಮನಸ್ಸು ಬರಲಿಲ್ಲ. ಕೈ ಹಿಂದಕ್ಕೆ ತೆಗೆದು, ಕಣ್ಣು ಒರೆಸಿಕೊಂಡು, ತಂಪಾಗುವವರೆಗೆ ಕಾದಳು. ಮಗ್ಗ ಕೈತಪ್ಪಿ ಹೋಗುವ ಭಯದಲ್ಲೂ ಈ ಹುಡುಗಿ ಖಾಲಿ ಬಡಿತ ಬಡಿಯಲಿಲ್ಲ. ಈ ಕಥೆ ಹೇಳಬೇಕು ಎಂದು ನನಗೆ ಅನಿಸಿದ್ದೇ ಅದಕ್ಕೆ.

ಅಮಾವಾಸ್ಯೆ ಬಂತು. ಊರಿನ ಎಲ್ಲ ಮಗ್ಗಗಳೂ ಸುಮ್ಮನಿದ್ದವು. ಮಗ್ಗದ ಮನೆಯ ಮುಂದಿನ ಅಂಗಳದಲ್ಲಿ ಎಲ್ಲರೂ ಸೇರಿದರು. ಸೂರ್ಯನ ಬೆಳಕು ನೇರವಾಗಿ ಬೀಳುವ ಕಡೆ ಒಂದು ಹಗ್ಗ ಕಟ್ಟಿದ್ದರು. ಸಾವಕಾರರು ಮೊದಲು ಬನವ್ವನ ಸೀರೆಯನ್ನೇ ಕೇಳಿ ತೆಗೆದುಕೊಂಡರು. ಬೇಗ ಮುಗಿಸಿಬಿಡಬೇಕೆಂಬ ಆತುರ ಅವರಿಗೆ. ಅಂಗಳದ ಆಚೆ ಗಾಡಿಯೂ ಬಂದು ನಿಂತಿತ್ತು.

ಅವರು ಸೀರೆಯನ್ನು ಬಿಚ್ಚಿ ಹಗ್ಗದ ಮೇಲೆ ಹರಡಿ ಬೆಳಕಿಗೆ ಹಿಡಿದರು. ಒಂದು ತುದಿಯಿಂದ ನೋಡುತ್ತ ಹೋದರು. ಗೀರಿಲ್ಲ. ಇನ್ನೂ ಮುಂದೆ ಹೋದರು. ಗೀರಿಲ್ಲ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಸೆರಗಿನವರೆಗೂ ಒಂದೇ ಸಮ. ಬೆರಳಲ್ಲಿ ಸವರಿದರು. ಅವರ ಮುಖ ಬದಲಾಯಿತು. ಸುಳ್ಳು ಹೇಳುವುದಾದರೆ ಆಗಲೇ ಹೇಳಬಹುದಿತ್ತು. ಯಾವುದೋ ಒಂದು ಎಳೆ ತೋರಿಸಿ ತಪ್ಪು ಎಂದರೆ ಎದುರಾಡುವವರು ಯಾರೂ ಇರಲಿಲ್ಲ. ಆದರೆ ಅವರೊಳಗಿನ ನೇಕಾರ ಅದಕ್ಕೆ ಒಪ್ಪಲಿಲ್ಲ.

"ಸೀರಿ ಬಾಳ ಚಲೋ ಆಗೈತಿ" ಎಂದರು ಮೆಲ್ಲಗೆ.

ಬನವ್ವ ಅಂಗಳದ ಆಚೆ ನಿಂತಿದ್ದ ಗಾಡಿಯ ಕಡೆ ಒಮ್ಮೆ ನೋಡಿದಳು.

ಆಮೇಲೆ ಮುದಕಪ್ಪನ ಸೀರೆ ಹಗ್ಗಕ್ಕೆ ಬಂತು. ಶುರುವಿನಿಂದಲೇ ಗೀರುಗಳು. ಅಲ್ಲೊಂದು, ಇಲ್ಲೊಂದು, ಒಂದರ ಪಕ್ಕ ಇನ್ನೊಂದು. ಸಾವಕಾರರು ತಲೆ ಅಲ್ಲಾಡಿಸುತ್ತ ಮುಂದೆ ಸರಿದರು. ಸೀರೆಯ ನಡುವೆ ಒಂದು ಕಡೆ ಗೀರು ಪೂರ್ತಿ ನಿಂತುಹೋಗಿತ್ತು. ಒಂದು ಮಾರಿನಷ್ಟು ಬಟ್ಟೆ ಬನವ್ವನ ಸೀರೆಯ ಹಾಗೆಯೇ ಹಸನಾಗಿತ್ತು. ಅದನ್ನು ದಾಟಿದರೆ ಮತ್ತೆ ಗೀರು.

ಅವರು ಪ್ರಭುಲಿಂಗನ ಸೀರೆ ತೆಗೆದರು. ಅದರಲ್ಲೂ ಹಾಗೆಯೇ. ಪವಿತ್ರಾಳ ಸೀರೆಯಲ್ಲೂ ಹಾಗೆಯೇ. ಎಲ್ಲರ ಸೀರೆಯಲ್ಲೂ ನಡುವೆ ಒಂದು ಹಸನಾದ ಜಾಗ, ಅದರ ಎರಡೂ ಕಡೆ ಗೀರು.

"ಮುದಕಪ್ಪಾ, ಈ ಜಾಗಾ ಯಾವಾಗ ನೇಯ್ದಿ?"

ಮುದಕಪ್ಪ ಬಾಯಲ್ಲಿದ್ದ ಎಲೆ ಅಡಿಕೆಯನ್ನು ಒಂದು ಕಡೆಗೆ ಸರಿಸಿದರು.

"ಕೇಳ್ತೀನಿ, ಹೇಳು. ಇಲ್ಲಿ ಅಷ್ಟ ಯಾಕ ಗೀರಿಲ್ಲ? ಯಾವಾಗ ನೇಯ್ದಿದ್ದು ಇದು?"

"ಅದು... ನೀವು ಮದವಿಗೆ ಹೋಗಿದ್ರಲ್ರಿ ಸಾವಕಾರ್ರ, ಆವಾಗ."

ಸಾವಕಾರರು ಒಂದೊಂದೇ ಸೀರೆಯ ಮುಂದೆ ಹೋಗಿ ನಿಂತರು. ಗೀರುಗಳನ್ನು ಬೆರಳಲ್ಲಿ ಮುಟ್ಟಿದರು. ಎಳೆಗಳು ಒಂದರ ಮೇಲೊಂದು ಬಿಗಿದುಕೊಂಡಿದ್ದವು. ಬೇಕಾದ್ದಕ್ಕಿಂತ ಹೆಚ್ಚು ಬಡಿದರೆ ಮಾತ್ರ ಹೀಗಾಗುತ್ತದೆ. ಅರ್ಧ ಆಯುಷ್ಯ ಕುಣಿಯಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಸೊಂಟದ ಗೊಂಚಲನ್ನು ಒಮ್ಮೆ ನೋಡಿಕೊಂಡರು. ಅವರು ಒಬ್ಬೊಬ್ಬರ ಬೆನ್ನ ಹಿಂದೆ ನಿಂತಾಗಲೆಲ್ಲ ಒಂದೊಂದು ಗೀರು ಬಿದ್ದಿತ್ತು. ಇಷ್ಟು ವರ್ಷ ನೂಲಿನವನನ್ನು ಬೈದಿದ್ದರು, ಬಣ್ಣದವನನ್ನು ಬೈದಿದ್ದರು, ಹುಡುಗರನ್ನು ಬೈದಿದ್ದರು. ಸೀರೆಯ ಮೇಲೆ ಬಿದ್ದದ್ದು ಅವರದೇ ಓಡಾಟ.

ಸ್ವಲ್ಪ ಹೊತ್ತು ಕಟ್ಟೆಯ ಮೇಲೆ ಕೂತರು. ಆಮೇಲೆ ಎದ್ದು ಹೇಳಿದರು: "ತಿಳೀತು. ನಾ ಇದ್ದಲ್ಲಿ ಕೆಲಸ ಕೆಡತೈತಿ. ಎಲ್ಲಾರೂ ನಿಮ್ಮ ನಿಮ್ಮ ಮಗ್ಗ ಮನೀಗೆ ಒಯ್ರಿ. ಮಗ್ಗದ ಮನೀಗೆ ಬೀಗಾ ಹಾಕ್ತೀನಿ. ಕಾಳಿನ ವ್ಯಾಪಾರದವರು ಗೋದಾಮಿಗೆ ಜಾಗಾ ಕೇಳ್ತಿದ್ರು, ಅವರಿಗೆ ಬಾಡಿಗಿ ಕೊಡ್ತೀನಿ. ನೀವೂ ಖುಷಿಯಿಂದ ಇರ್ರಿ."

ಹಿರಿಯರ ಸ್ವಭಾವ ನೋಡಿ. ತಪ್ಪು ಒಪ್ಪಿಕೊಂಡರೂ ಅದರಲ್ಲಿ ಒಂದಿಷ್ಟು ಮುನಿಸು ಸೇರಿರುತ್ತದೆ. ಹುಡುಗರು ಕುಣಿದಾಡುತ್ತಾರೆ ಎಂದೇ ಅವರು ತಿಳಿದಿದ್ದರು.

ಯಾರೂ ಕುಣಿಯಲಿಲ್ಲ. ಮೊದಲು ಬಾಯಿ ಬಿಟ್ಟವಳು ಪವಿತ್ರಾ, ಎಲ್ಲರಿಗಿಂತ ಕಿರಿಯಳು. ಅಲ್ಲಿಯವರೆಗೆ ಅವಳು ಸಾವಕಾರರ ಎದುರು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

"ಬೀಗಾ ಹಾಕಬ್ಯಾಡ್ರಿ ಸಾವಕಾರ್ರ. ನಾ ಇನ್ನೂ ಕಲಿಯಾಕಿ. ನನ್ನ ಮಗ್ಗ ತಪ್ಪು ಸಪ್ಪಳ ಮಾಡಿದ್ರ ಬಾಜೂ ಮಗ್ಗದವರು ನನಗಿಂತ ಮೊದಲ ತಿರುಗಿ ನೋಡ್ತಾರು. ಮನ್ಯಾಗ ನನಗ ಯಾರು ಹೇಳ್ತಾರ್ರಿ?"

"ನನಗಂತೂ ಮನಿ ಒಗ್ಗಾಂಗಿಲ್ರಿ" ಎಂದ ಪ್ರಭುಲಿಂಗ. "ಕೂಸು ಲಾಳಿ ನುಂಗಿದ್ರ ಯಾರು ಜವಾಬ್ದಾರಿ?"

"ನಮ್ಮ ಮನ್ಯಾಕಿ ನನ್ನ ಹಗಲೆಲ್ಲಾ ಮನ್ಯಾಗ ಇಟ್ಕೊಳ್ಳಾಂಗಿಲ್ಲ" ಎಂದರು ಮುದಕಪ್ಪ. ಅದಕ್ಕೆ ಎಲ್ಲರೂ ನಕ್ಕರು.

ಸಾವಕಾರರು ಬನವ್ವನ ಕಡೆಗೆ ತಿರುಗಿದರು. "ನೀ ಹೇಳವಾ. ಮಗ್ಗದ ಮನಿ ಬ್ಯಾಡ ಅಂತ ಹೋದಾಕಿ ನೀನ."

ಬನವ್ವ ತಲೆ ಎತ್ತಿದಳು. "ನಾ ಮಗ್ಗದ ಮನಿ ಬ್ಯಾಡ ಅಂದಿಲ್ರಿ ಸಾವಕಾರ್ರ. ಬೆನ್ನ ಹಿಂದ ನಿಂದ್ರೂದು ಬ್ಯಾಡ ಅಂದೆ. ನಾ ನೇಯೂದು ಕಲತದ್ದು ಈ ಮನ್ಯಾಗ. ಕೊಂಡಿ ಹಾಕೂ ದಿನ ಇಲ್ಲಿಗೆ ಬಂದ್ರ ನನಗ ಹಬ್ಬ ಆದಂಗ ಆಗ್ತೈತಿ. ಇದು ಗೋದಾಮು ಆದ್ರ ನಾ ಎಲ್ಲಿಗೆ ಬರಲಿ?"

"ಮತ್ತ ನಾ ಏನ್ ಮಾಡಬೇಕು? ಅದನ್ನೂ ಹೇಳಿಬಿಡು."

"ನಸಕಿನ್ಯಾಗ ಬಾಗಲಾ ತಗದಿರ್ರಿ. ಯಾರಿಗೆ ಎಲ್ಲಿ ಕೂತ್ರ ಕೈ ಓಡ್ತೈತೋ ಅವರು ಅಲ್ಲಿ ಕೂಡಲಿ. ಕೊಂಡಿ ಹಾಕೂ ದಿನ ಎಲ್ಲಾರೂ ಬರೂನು. ಸೀರಿ ಕೆಟ್ರ ಬೈರಿ, ಕೇಳ್ತೀವಿ. ನೇಯೂವಾಗ ಮಾತ್ರ ನಮ್ಮ ಪಾಡಿಗೆ ನಮ್ಮನ್ನ ಬಿಡ್ರಿ."

ಸಾವಕಾರರು ಸೊಂಟದಿಂದ ಕೀಲಿಕೈ ಗೊಂಚಲು ಬಿಚ್ಚಿ ಬನವ್ವನ ಕೈಗೆ ಇಟ್ಟರು.

"ನಸಕಿನ್ಯಾಗ ಏಳೂದು ನನಗ ಆಗಾಂಗಿಲ್ಲ. ಬಾಗಲಾ ನೀನ ತಗಿ" ಎಂದರು. ಗಾಡಿಯವನನ್ನು ಖಾಲಿ ಕೈಯಲ್ಲಿ ಕಳಿಸಲಿಲ್ಲ. ಚಹಾ ಕುಡಿಸಿ ಕಳಿಸಿದರು.

ಅಂದಿನಿಂದ ಬನವ್ವ ನಸುಕಿನಲ್ಲಿ ಬಂದು ಬಾಗಿಲು ತೆಗೆದಿಡುತ್ತಿದ್ದಳು. ತಾನು ಮನೆಗೆ ಹೋಗಿ ನೇಯುತ್ತಿದ್ದಳು. ಪವಿತ್ರಾ ದಿನವೂ ಮಗ್ಗದ ಮನೆಯಲ್ಲೇ ಕೂತಳು. ಪ್ರಭುಲಿಂಗ ಸಿಲಿಂಡರ್ ಅಜ್ಜನಿಂದ ತಪ್ಪಿಸಿಕೊಂಡು ಎಲ್ಲರಿಗಿಂತ ಮೊದಲು ಬರತೊಡಗಿದ. ಕೊಂಡಿ ಹಾಕುವ ದಿನ ಮಗ್ಗದ ಮನೆ ತುಂಬಿ ನಗೆ ಹೊರಗೆ ಓಣಿಗೆ ಕೇಳುತ್ತಿತ್ತು. ಸೀರೆಗಳ ಗೀರು ಮಾಯವಾಯಿತು. ಬಸ್ಸು ಹತ್ತಿ ಹೋಗುತ್ತಿದ್ದ ಬನವ್ವನ ಗೆಳತಿಯೊಬ್ಬಳು ಒಂದು ದಿನ ಬಂದು, "ನನಗೊಂದು ಮಗ್ಗ ಸಿಗ್ತೈತೇನು?" ಎಂದು ಕೇಳಿದಳು.

ಇನ್ನು ಸಾವಕಾರರು. ನಡೆಯುವ ಕೆಲಸ ನಿಂತ ಮೇಲೆ ಅವರಿಗೆ ಕೈ ಕಟ್ಟಿಹಾಕಿದಂತಾಯಿತು. ಒಂದು ದಿನ ಮೂಲೆಯ ತಮ್ಮ ಹಳೆಯ ಮಗ್ಗದ ಬಟ್ಟೆ ತೆಗೆದು, ಧೂಳು ಒರೆಸಿ, ಮೆಲ್ಲಗೆ ಕುಣಿಗೆ ಇಳಿದರು. ಮೊಣಕಾಲು ಗೊಣಗಿತು, ಆದರೆ ಬೆರಳು ಏನನ್ನೂ ಮರೆತಿರಲಿಲ್ಲ. ಲಾಳಿ ಓಡಿತು. ಒಂದು ಎಳೆ, ಇನ್ನೊಂದು ಎಳೆ. ಹಾಗೇ ಅದರಲ್ಲಿ ಮುಳುಗಿಹೋದರು. ಒಂದು ಎಳೆ ಹರಿಯಿತು. ಬಗ್ಗಿ ಗಂಟು ಹಾಕುತ್ತಿದ್ದರು.

ಹಿಂದಿನಿಂದ ಗಿಲ್ ಗಿಲ್ ಎಂದಿತು.

ಪಂಪಾಪತಿ ಸಾವಕಾರರ ಕೈ ಗಂಟು ಬಿಟ್ಟು ತಾನಾಗಿಯೇ ಹಣಿಗೆಗೆ ಹಾರಿತು. ಢಬ್ ಢಬ್ ಎಂದು ಬಡಿದರು. ಲಾಳಿ ಅವರ ಮಡಿಲಲ್ಲೇ ಇತ್ತು.

ಮರುಕ್ಷಣ ತಾವು ಮಾಡಿದ್ದು ಅವರಿಗೇ ಹೊಳೆಯಿತು. ತಿರುಗಿ ನೋಡಿದರೆ ಬನವ್ವ. ಲಾಳಿಗೆ ಹಾಕುವ ನೂಲಿನ ಕಂಡಿಕೆ ಒಯ್ಯಲು ಬಂದಿದ್ದಳು, ಗೊಂಚಲು ಅವಳ ಸೊಂಟದಲ್ಲಿತ್ತು. ಅವಳು ಎಲ್ಲವನ್ನೂ ನೋಡಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಸಾವಕಾರರ ಹೊಟ್ಟೆಯಿಂದ ನಗು ಉಕ್ಕಿ ಬಂತು. ಕುಣಿಯಲ್ಲಿ ಕೂತೇ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಗೀರು ಬಿತ್ತವಾ ಬನವ್ವ" ಎಂದರು. "ನನ್ನ ಸೀರಿಗೂ ಬಿತ್ತು."

"ಈ ಗೊಂಚಲಾ ಬಾಗಲದ ಗೂಟಕ್ಕ ಹಾಕಿ ಬರ್ತೀನ್ರಿ ಸಾವಕಾರ್ರ" ಎಂದಳು ಬನವ್ವ. ಹಾಕಿ ಬಂದಳು. ಆಮೇಲೆ ಅವರ ಪಕ್ಕ ಕೂತು, ಹರಿದ ಎಳೆಗೆ ಗಂಟು ಹಾಕಿಕೊಟ್ಟಳು. ಕೀಲಿಕೈ ಗೊಂಚಲು ಇಂದಿಗೂ ಹಗಲೆಲ್ಲ ಆ ಗೂಟದ ಮೇಲೆಯೇ ಇರುತ್ತದೆ.

ನೀತಿ: ಬೆನ್ನ ಹಿಂದೆ ನಿಂತು ಕಾಯುವವರಿಗೆ ಸಪ್ಪಳ ಸಿಗುತ್ತದೆ, ನಂಬಿ ಬಿಡುವವರಿಗೆ ಕೆಲಸ ಸಿಗುತ್ತದೆ. ಕಿರಿಯರು ಮನೆಯಲ್ಲಿ ಕೂತು ಮಾಡುತ್ತೇವೆ ಎಂದರೆ ಕೆಲಸ ಬೇಡವಾಗಿದೆ ಎಂದುಕೊಳ್ಳಬೇಡಿ. ಎಲ್ಲರೂ ಸೇರಿ ಕೂರುತ್ತೇವೆ ಎಂದರೆ ಕಾವಲು ಬೇಕಾಗಿದೆ ಎಂದೂ ಅಂದುಕೊಳ್ಳಬೇಡಿ. ಎಲ್ಲಿ ಕೂತು ಮಾಡಿದರು ಎಂದು ಕೇಳುವ ಮೊದಲು, ಮಾಡಿದ್ದನ್ನು ಬೆಳಕಿಗೆ ಹಿಡಿದು ನೋಡಿ.